ಕುಸುಮಕ್ಕನ ಹೆಡ್‌ಲೈಟು

ಗುಲ್ವಾಡಿಯ ಕುಸುಮಾವತಿ ಮದುವೆಯಾಗಿ ಬಂದ ಮೇಲೆ ಒಂದು ಸಮಾರಂಭವನ್ನೂ ಕೊನೆಯ ತನಕ ನೋಡಿದವಳಲ್ಲ. ಕಾರಣ, ಮಾವನ ಕಾಲದ ಅಂಬಾಸಿಡರಿನ ಹೆಡ್‌ಲೈಟು. ಅದರ ಬೆಳಕು ಮುದಿ ಬೆಕ್ಕಿನ ಕಣ್ಣಿನಷ್ಟು. ಬೇರೆ ಗಾಡಿ ಹತ್ತಲು ಗಂಡ ರತ್ನಾಕರ ಒಪ್ಪುವವನಲ್ಲ. ಎಲ್ಲಿಗೆ ಹೋದರೂ ಹೊತ್ತು ಇಳಿಯುವಾಗ ಕೀಲಿ ಕುಣಿಸುತ್ತ ಬರುತ್ತಿದ್ದ. "ಹೆಣೆ, ಹೋಪ. ಕತ್ಲಾದ್ರೆ ದಾರಿ ಕಾಂಬುದಿಲ್ಲ."

ಇವತ್ತು ಬೀಜಾಡಿಯಲ್ಲಿ ನಾದಿನಿಯ ಮಗಳು ಮೋಕ್ಷಿತಾಳ ಮೆಹಂದಿ. "ಅತ್ತೆ, ಈ ಸರ್ತಿ ನನ್ನೊಟ್ಟಿಗ್ ಕುಣಿಕೇ" ಎಂದು ಅವಳು ಮಾತು ತೆಗೆದುಕೊಂಡಿದ್ದಳು. ಗ್ರೈಂಡರಿನ ಸದ್ದಿನ ಮರೆಯಲ್ಲಿ ಕುಸುಮಾವತಿ ಮೊಬೈಲು ನೋಡಿ ಹೆಜ್ಜೆಯನ್ನೂ ಕಲಿತಿದ್ದಳು. ಐವತ್ತು ದಾಟಿದವಳು ಕುಣಿಯಬೇಕೆಂದು ಗಂಡನಿಗೆ ಹೇಳುವುದು ಹೇಗೆ? ಕಾರಿನ ವಯರು ಹಳತಾಯಿತು ಎಂದರೆ ಯಾರೂ ನಗುವುದಿಲ್ಲ. ಬೆಳಿಗ್ಗೆಯೇ ಎಲೆಕ್ಟ್ರಿಷಿಯನ್ ಕುಷ್ಟ ಬಂದು ಬಾನೆಟ್ ಎತ್ತಿದ.

"ಅಕ್ಕಾ, ಎಷ್ಟ್ ದಪ್ಪದ್ ವಯರ್ ಹಾಕುದ್?"

ಉತ್ತರ ಬೇಲಿಯಾಚೆಯಿಂದ ಬಂತು. ಮುಂಬೈ ಹೋಟೆಲು ಬಿಟ್ಟು ಬಂದ ಮೇಲೆ ನೆರೆಯ ದುಗ್ಗಪ್ಪನಿಗೆ ಬೇಲಿಯೇ ಗಲ್ಲಾಪೆಟ್ಟಿಗೆ. "ಹ್ವಾಯ್ ಕುಷ್ಟ, ಎಲ್ಲದಕ್ಕೂ ಪಂಪಿನ್ ವಯರೇ ಹಾಕ್! ದಪ್ಪ ಇದ್ರೆ ಗಟ್ಟಿ."

ಕುಷ್ಟ ಹಾಕಿದ. ಸ್ಟೇರಿಂಗಿನ ಮುಂದಿನ ಮೀಟರ್ ಬಲ್ಬಿಗೆ ಹೋಗುವ ತೂತಿನಲ್ಲಿ ಅದು ಮೊಲ ನುಂಗಿದ ಹೆಬ್ಬಾವಿನ ಹಾಗೆ ಸಿಕ್ಕಿಕೊಂಡಿತು.

ಅಷ್ಟರಲ್ಲಿ ಮೋಕ್ಷಿತಾಳ ಅಪ್ಪ ಗೋವರ್ಧನ ಪಾಯಸದ ಉರುಳಿ ಒಯ್ಯಲು ಬಂದ. "ಎಂತ ಮಾರಾಯಾ! ಮನಿ ಕರೆಂಟ್ ಇನ್ನೂರ ಮೂವತ್ ವೋಲ್ಟ್, ಇದ್ ಬರೀ ಹನ್ನೆರಡ್. ತೆಳು ವಯರೇ ಸಾಕ್."

ಕುಷ್ಟ ಅದನ್ನೂ ಹಾಕಿದ. ಬೆಕ್ಕು ಕಣ್ಣು ಬಿಡುವ ಮೊದಲೇ ವಯರಿನಿಂದ ಹಪ್ಪಳ ಸೀದ ವಾಸನೆ ಬಂತು.

ಕುಸುಮಾವತಿ ಸೌಟು ಕೆಳಗಿಟ್ಟಳು. ಅವಳು ಮೊಬೈಲಿನಲ್ಲಿ ನೋಡಿದ್ದು ಬರೀ ಕುಣಿತವಲ್ಲ. "ಬಾವ, ವೋಲ್ಟ್ ಕಮ್ಮಿ ಇದ್ರೆ ಅದೇ ಬೆಳಕಿಗೆ ಕರೆಂಟ್ ಜಾಸ್ತಿ ಹರೀಕ್. ಮದಿ ಊಟದ್ ಛತ್ರಕ್ಕೆ ಗೇಣಗಲದ್ ಬಾಗ್ಲ್ ಇಟ್ರೆ ಎಂತ ಆತ್ತ್? ನೂಕಾಟ, ಬಿಸಿ. ಕುಷ್ಟ, ಹೆಡ್‌ಲೈಟಿಗ್ ದಪ್ಪುದ್, ಮೀಟರ್ ಬಲ್ಬಿಗ್ ತೆಳುದ್."

ಈ ಸಲ ಸ್ವಿಚ್ಚು ಒತ್ತಿದಾಗ ಕತ್ತಲೆ ಕೊಟ್ಟಿಗೆಯ ಮೂಲೆ ಝಗ್ಗೆಂದಿತು. ಕೋಳಿ ಇನ್ನೊಮ್ಮೆ ಬೆಳಗಾಯಿತೆಂದು ಕೂಗಿತು.

ಗೋವರ್ಧನ ಸೋಲುವವನಲ್ಲ. ಉಳಿದ ತೆಳು ವಯರಿನ ಸುರುಳಿಯನ್ನು ಹೆಗಲಿಗೇರಿಸಿದ. "ಚಪ್ಪರದ್ ಲೈಟಿಗ್ ಇದೇ ಸಾಕ್."

"ಅಕ್ಕಾ, ಹಾರ್ನಿನ್ ಹಳೆ ವಯರೂ ತೆಗ್ದೆ, ಅದಕ್ ಎಂತ ಹಾಕುದ್?" ಕುಷ್ಟ ಕೇಳಿದ.

"ನಾಳಿಗ್ ಹಾಕುವ." ಬಾವ ತೊಲಗಿದರೆ ಸಾಕಾಗಿತ್ತು ಅವಳಿಗೆ.

ಸಂಜೆ ಹಾರ್ನಿಲ್ಲದ ಕಾರನ್ನು ರತ್ನಾಕರ ಓಡಿಸಿದ. ಬೀಜಾಡಿಯ ತನಕ ರೇಷ್ಮೆ ಸೀರೆಯ ಕುಸುಮಾವತಿ ಕಿಟಕಿಯಿಂದ ತಲೆ ಹೊರಹಾಕಿ "ಹ್ವಾಯ್! ಹ್ವಾಯ್!" ಎಂದು ದಾರಿ ಬಿಡಿಸಿದಳು.

ಅವರು ಮುಟ್ಟುವಾಗ ಕತ್ತಲೆ ಇಳಿದಿತ್ತು. ಕುಸುಮಾವತಿ ಕಾರಿನಿಂದ ಒಂದು ಕಾಲು ಕೆಳಗಿಟ್ಟಳಷ್ಟೇ, ಚಪ್ಪರದಲ್ಲಿ ಫಟ್ಟೆಂದಿತು. ಫೋಕಸ್ ಲೈಟು, ಡಿಜೆ ಪೆಟ್ಟಿಗೆ, ಜ್ಯೂಸಿನ ಮೆಷಿನ್ನು ಎಲ್ಲವನ್ನೂ ಗೋವರ್ಧನ ಆ ತೆಳು ವಯರಿಗೇ ಕಟ್ಟಿದ್ದ. ಮತ್ತೆ ಅದೇ ಹಪ್ಪಳದ ವಾಸನೆ.

"ಬಾವಯ್ಯ, ಕಾರ್ ಚಪ್ಪರಕ್ ತಿರ್ಗ್ಸಿ!" ಗೋವರ್ಧನ ಕೂಗಿದ. ಹೆಡ್‌ಲೈಟು ಬಿದ್ದದ್ದೇ ಚಪ್ಪರ ಹಗಲಾಯಿತು. ಆದರೆ ಡೈನಮೊ ಮಾವನ ಕಾಲದ್ದೇ; ಎಕ್ಸಲರೇಟರಿನಿಂದ ಕಾಲು ತೆಗೆದರೆ ಮತ್ತೆ ಮಂಕು.

"ಹೆಣೆ, ನೀ ಇಲ್ ಕೂಕಂಡ್ ಒತ್ತಿ ಹಿಡ್ಕೊ. ನಾ ವಯರ್ ಕಂಡ್ಕಂಡ್ ಈಗ್ ಬತ್ತೆ" ಎಂದು ರತ್ನಾಕರ ಇಳಿದ. ಹೋದದ್ದು ಐಸ್‌ಕ್ರೀಮಿನ ಕಡೆಗೆ.

ಯಾರೋ ಬ್ಯಾಟರಿ ಸ್ಪೀಕರಿನಲ್ಲಿ ಹಾಡು ಹಾಕಿದರು. ಅವಳು ಕಲಿತ ಹಾಡೇ! ಕಾಲು ಸುಮ್ಮನಿರಲಿಲ್ಲ. ಎಕ್ಸಲರೇಟರಿನ ಮೇಲೆ ಹೆಜ್ಜೆ ಬಿದ್ದ ಹಾಗೆ ಬೆಳಕು ಏರಿತು, ಇಳಿಯಿತು. ಹುಡುಗರು ಶಿಳ್ಳೆ ಹೊಡೆದರು. "ಲೈಟಿನವ ಭಾರಿ ಲಾಯ್ಕ್ ಮಾಡ್ತಾ ಮಾರಾಯ!"

ದೀಪದ ಹಿಂದೆ ಕೂತವರು ಎದುರಿನವರಿಗೆ ಯಾವತ್ತೂ ಕಾಣುವುದಿಲ್ಲ. ಮೋಕ್ಷಿತಾ ಮೆಹಂದಿಯ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಸುತ್ತಲೂ ಹುಡುಕಿದಳು. "ಅಮ್ಮಾ, ಕುಸುಮತ್ತೆ ಎಲ್ಲಿ?"

"ಅತ್ಗಿಯಾ? ಕತ್ಲಾಯ್ತಲೆ, ಯಾವತ್ತಿನಂಗೆ ಮನಿಗ್ ಹೋದ್ರ್ ಕಾಣ್!"

ಕುಸುಮಾವತಿ ಎರಡೂ ಕೈ ಸೇರಿಸಿ ಹಾರ್ನು ಒತ್ತಿದಳು.