ಗಾಲಿ ಕೆಳಗಿನ ಕಲ್ಲು

ಮರಿಲಿಂಗಪ್ಪನ ಕಾರಿಗೆ ಬ್ಯಾಟರಿ ಇತ್ತು, ಜೀವ ಇರಲಿಲ್ಲ. ಬ್ರೇಕ್ ಇತ್ತು, ಹಿಡಿಯುತ್ತಿರಲಿಲ್ಲ. ಅವನಿಗೇನೂ ಚಿಂತೆಯಿಲ್ಲ. ಶಹಾಪುರದಲ್ಲಿ ಅವನ ಮನೆ ಕಾಲುವೆ ಏರಿಯ ಇಳುಕಲಿನಲ್ಲಿತ್ತು. ಕಾರನ್ನು ಇಳುಕಲಿಗೆ ಮುಖಮಾಡಿ ನಿಲ್ಲಿಸಿ, ಮುಂದಿನ ಗಾಲಿಗೆ ಒಂದು ಗುಂಡುಕಲ್ಲು ಕೊಡುವುದು. ಹೊರಡುವಾಗ ಕಲ್ಲು ಎಳೆದು ಓಡಿಬಂದು ಹತ್ತುವುದು. ಕಾರು ಉರುಳುತ್ತ ಉರುಳುತ್ತ, ದಮ್ಮಿನ ಮುದುಕನಂತೆ ಕೆಮ್ಮಿ ಚಾಲೂ ಆಗುತ್ತಿತ್ತು.

"ಕಾಲುವಿ ಆಫೀಸಿನ್ಯಾಗ ಇಪ್ಪತ್ತು ವರ್ಷ ನೀರು ಹರಿಸೀನಿ. ಇಳುಕಲಿದ್ರ ನೀರೂ ಹೋಗ್ತದ, ಕಾರೂ ಹೋಗ್ತದ" ಎಂಬುದು ಅವನ ವೇದಾಂತ.

ನಿಲ್ಲುವುದು ಮಾತ್ರ ಕಾರಿನ ಮರ್ಜಿ. ಎರಡು ತಿಂಗಳ ಹಿಂದೆ ಹೆಂಡತಿಯ ತವರು ಸಗರಕ್ಕೆ ಹೋದಾಗ ಅದು ಮಾವನ ಬಣವೆಯೊಳಗೆ ಹೊಕ್ಕು ನಿಂತಿತ್ತು. ದೇವಕಮ್ಮ ತಲೆತುಂಬ ಜೋಳದ ಕಣಿಕೆ ಮೆತ್ತಿಕೊಂಡು ಇಳಿದವಳು, "ಬ್ರೇಕ್ ಮಾಡಿಸೋತನ ನಿಮ್ಮ ಹೊಸ್ತಿಲ ತುಳಿಯಂಗಿಲ್ಲ" ಎಂದು ತವರಲ್ಲೇ ಉಳಿದಳು.

ತಾನೇ ಬೇಯಿಸಿದ ಬ್ಯಾಳಿ ಉಂಡು ಮರಿಲಿಂಗಪ್ಪ ಅರ್ಧ ಇಳಿದುಹೋದ. ಅಮಾವಾಸ್ಯೆಯ ಮರುದಿನ, ಬ್ರೇಕ್ ಮಾಡಿಸಿದೆನೆಂದು ಸುಳ್ಳು ಹೇಳಿಯಾದರೂ ಅವಳನ್ನು ಕರೆತರೋಣವೆಂದು ಹೊರಗೆ ಬಂದ. ಕಲ್ಲು ಎಳೆಯಲು ಬಗ್ಗಿದವನು ಬಗ್ಗಿದಂತೆಯೇ ನಿಂತ. ಕಲ್ಲಿಗೆ ಕುಂಕುಮ, ವಿಭೂತಿ, ಮುಂದೆ ಒಡೆದ ಕಾಯಿ!

"ಮುಟ್ಟಬ್ಯಾಡ್ರೀ!" ಎಂದು ಪಕ್ಕದ ಮನೆಯ ಗೊಲ್ಲಾಳಮ್ಮ ಊದುಬತ್ತಿ ಹಿಡಿದು ಬಂದಳು.

"ನನ್ನ ಕಾರಿನ ಕಲ್ಲಬೇ ಅದು!"

"ಬ್ರೇಕಿಲ್ಲದ ಇಂಥಾ ಕೋಣನ್ನ ದಿನಾ ಹಿಡದು ನಿಲ್ಲಸ್ತದ. ನಿಮ್ಮ ಕೈಲೆ ಆಗ್ತದೇನು? ಶಕ್ತಿ ಇಲ್ದ ಆಗೋ ಮಾತಾ ಇದು?"

ಓಣಿಯ ಹೆಂಗಸರೆಲ್ಲ ಸೇರಿದ್ದರು. ದೇವರನ್ನು ಕಿತ್ತರೆ ಓಣಿ ತನ್ನನ್ನು ಕೀಳುತ್ತದೆಂದು ಮರಿಲಿಂಗಪ್ಪನಿಗೆ ತಿಳಿಯಿತು. ಕಲ್ಲು ಮುಟ್ಟದೆ ಹೊರಡಬೇಕೆಂದರೆ ಕಾರು ನಿಂತಲ್ಲೇ ಚಾಲೂ ಆಗಿ ಹಿಂದಕ್ಕೆ ಸರಿಯಬೇಕು; ಸರಿಯುವಾಗ ದೇವರ ಮೇಲೆ ಉರುಳದಂತೆ ಬ್ರೇಕೂ ಹಿಡಿಯಬೇಕು. ಬೇರೆ ದಾರಿ ಕಾಣದೆ ಮಿಸ್ತ್ರಿ ಫಕ್ರುದ್ದೀನನನ್ನು ಕರೆಸಿದ.

ಫಕ್ರುದ್ದೀನ ಬಾನೆಟ್ ಎತ್ತಿದ. "ಸಾಹೇಬ್ರ, ಊರ ಹೊಲಕ್ಕೆಲ್ಲ ನೀರು ಬಿಡ್ತೀರಿ, ಈ ಬ್ಯಾಟರಿಗಿ ಒಂದು ಬಾಟ್ಲಿ ನೀರು ಹಾಕಿಲ್ಲಲ್ರಿ!"

ಹೊಸ ಬ್ಯಾಟರಿ ಕೂರಿಸಿದ. ದೇವರ ಮೇಲೆ ಭಾರ ಹಾಕದೆ ಉಳಿದ ಗಾಲಿಗಳಿಗೆ ಬೇರೆ ಕಲ್ಲು ಕೊಟ್ಟು, ಹಪ್ಪಳದಂತೆ ಸವೆದಿದ್ದ ಬ್ರೇಕಿನ ಪಟ್ಟಿಗಳನ್ನು ಬದಲಿಸಿ ಎಣ್ಣೆ ತುಂಬಿದ. ಚಾವಿ ತಿರುಗಿಸಿದರೆ ಕಾರು ಹಾಲು ಕಂಡ ಬೆಕ್ಕಿನಂತೆ ಗುರುಗುಟ್ಟಿತು.

ಸಗರದಲ್ಲಿ ಮಾವನ ಬಣವೆ ಇನ್ನೂ ಗೇಣು ದೂರವಿರುವಾಗಲೇ ಕಾರು ನಿಂತಿತು. ದೇವಕಮ್ಮ ಟ್ರಂಕು ಕಟ್ಟಿಕೊಂಡು ಬಾಗಿಲಲ್ಲೇ ಕೂತಿದ್ದಳು.

"ನಾ ಬರ್ತೀನಂತ ನಿನಗ ಯಾರು ಹೇಳಿದ್ರು?"

ದೇವಕಮ್ಮ ಸೆರಗು ಬಾಯಿಗೊತ್ತಿ ನಕ್ಕಳು. "ಕಲ್ಲಿಗೆ ಕುಂಕುಮ ಹಚ್ಚಂತ ಗೊಲ್ಲಾಳಮ್ಮಗ ಹೇಳಿಕಳಿಸಿದಾಕಿನೇ ನಾನು. ಹೆಂಡ್ತಿ ಮಾತು ಕೇಳಲಿಲ್ಲ, ಕಲ್ಲಿನ ಮಾತು ಕೇಳಿದ್ರಿ."

ಮರಿಲಿಂಗಪ್ಪನೂ ನಕ್ಕ. ಮನೆ ಮುಟ್ಟುವತನಕ ನಗುತ್ತಲೇ ಇದ್ದ.

ಮನೆ ಮುಂದೆ ಕಲ್ಲಿಗೆ ಕಟ್ಟೆ ಎದ್ದಿತ್ತು, ಮೇಲೆ ಹಂದರ. ಗೊಲ್ಲಾಳಮ್ಮ ಸೊಂಟದ ಮೇಲೆ ಕೈಯಿಟ್ಟು ಬಂದಳು. "ಕಾರು ಎಲ್ಲಿಗಿ ಒಯ್ದಿದ್ರಿ? ಕಾರು ಹಿಡದದ್ದಕ್ಕ ಅದು ದೇವ್ರು. ಕಾರಿಲ್ಲಂದ್ರ ಬರೇ ಕಲ್ಲಲ್ಲೇನ್ರಿ? ಹಚ್ರಿ ಇದ್ದಲ್ಲೇ! ಐದು ಅಮಾಸಿ ಕದಲಂಗಿಲ್ಲ."

"ಯಕ್ಕಾ, ನಾ ಹೇಳಿದ್ದು ಒಂದು ದಿನದ ಮಟ್ಟಿಗಬೇ" ಎಂದು ದೇವಕಮ್ಮ ಪಿಸುಗುಟ್ಟಿದಳು.

"ನೀ ಹೇಳಿದ್ದು ನಿನ್ನಿ ಮಾತವ್ವಾ. ಇವತ್ತು ಮೂರು ಮಂದೀದು ಹಲ್ಲುನೋವು ಹೋಗ್ಯಾವ!"

ಮರಿಲಿಂಗಪ್ಪ ಗಾಲಿಯನ್ನು ದೇವರಿಗೆ ತಾಗಿಸಿ ನಿಲ್ಲಿಸಿ, ಕೂಲಿಗೆ ಕಾದು ನಿಂತಿದ್ದ ಫಕ್ರುದ್ದೀನನನ್ನು ಕೇಳಿದ. "ಐದು ತಿಂಗಳ ನಿಂತ್ರ ಬ್ಯಾಟರಿ?"

"ಎರಡು ತಿಂಗಳಿಗೇ ಸಾಯ್ತದ್ರಿ. ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ, ಇಳುಕಲು ಹೆಂಗೂ ಅದ. ಆ ಕಲ್ಲು ಎಳದುಬಿಟ್ರ ತಾನೇ ಚಾಲೂ ಆಗ್ತದ!"