ರಾಸ್ ಸಾಹೇಬರ ದೋಣಿಗೆ ನನ್ನ ಗಂಜಿ

ಇಂಗ್ಲಿಷನ್ನು ನಾನು ಅರ್ಧ ಓದಿ ಕಲಿತವಳು, ಇನ್ನರ್ಧ ಕೇಳಿ ಕಲಿತವಳು. ಓದಿ ಕಲಿತ ಅರ್ಧ ಇವತ್ತಿನವರೆಗೆ ನನಗೆ ಮೋಸ ಮಾಡಿಲ್ಲ, ಏಕೆಂದರೆ ಅದನ್ನು ನಾನು ಬಳಸುವುದೇ ಇಲ್ಲ. ತೊಂದರೆಯೆಲ್ಲ ಕಿವಿಯದ್ದು. ಗೊತ್ತಿಲ್ಲದ ಶಬ್ದ ಬಾಗಿಲಿಗೆ ಬಂದರೆ ಕಿವಿ ಅದನ್ನು ವಾಪಸು ಕಳಿಸುವುದಿಲ್ಲ ಮಾರಾಯ್ರೆ. ಮನೆಯಲ್ಲಿ ಮೊದಲೇ ಇರುವ ಯಾವುದೋ ಶಬ್ದದ ಅಂಗಿ ತೊಡಿಸಿ ಒಳಗೆ ಕೂರಿಸಿಬಿಡುತ್ತದೆ. ನೀವೂ ನಿಮ್ಮ ಅಂಗಿಗಳನ್ನು ಒಮ್ಮೆ ನೋಡಿಕೊಳ್ಳಿ, ನಾನೊಬ್ಬಳೇ ಅಲ್ಲ. ಆದರೆ ನಿಮ್ಮ ಕಿವಿ ನಿಮ್ಮನ್ನು ಹೆಚ್ಚೆಂದರೆ ನಾಲ್ಕು ಜನರ ಎದುರು ನಗೆಪಾಟಲು ಮಾಡಿದ್ದೀತು. ನನ್ನ ಕಿವಿ ನನ್ನಿಂದ ದೋಣಿ ಹೊರಿಸಿತು. ದೋಣಿಯಲ್ಲಿ ಕೂತೆ ಅಂತ ಹೇಳುತ್ತಿಲ್ಲ. ಹೊತ್ತೆ. ಅದೂ ಒಮಾನಿನಲ್ಲಿ, ನೀರೇ ಇಲ್ಲದ ಕಡೆ.

ತೊಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಮಸ್ಕತ್ತಿಗೆ ಬಂದು ವರ್ಷ ತುಂಬಿರಲಿಲ್ಲ. ರೂವಿಯಲ್ಲಿ ಎರಡು ಕೋಣೆಯ ಫ್ಲ್ಯಾಟು. ನಮ್ಮವರು, ಅಂದರೆ ಜಯಾನಂದ, ನೀರಿನ ಸರ್ವೆ ಮಾಡುವ ಒಂದು ಕಂಪೆನಿಯಲ್ಲಿ ಡ್ರಾಫ್ಟ್ಸ್‌ಮನ್. ಅಲ್ಲಿ ವಾದಿ ಅಂತ ಹೇಳುತ್ತಾರೆ, ಬೆಟ್ಟದಿಂದ ಇಳಿಯುವ ಒಣ ಹೊಳೆಗೆ. ವರ್ಷದಲ್ಲಿ ಮುನ್ನೂರು ಚಿಲ್ಲರೆ ದಿನ ಬರೀ ಕಲ್ಲು; ಒಂದು ಮಳೆ ಬಂದರೆ ಟ್ರಕ್ಕನ್ನೂ ತೇಲಿಸಿಕೊಂಡು ಹೋಗುವ ನೀರು. ನಮ್ಮವರ ಕೆಲಸ ಅಂಥ ವಾದಿಗಳ ನಕ್ಷೆ ಬರೆಯುವುದು. ನೀರಿಲ್ಲದ ಹೊಳೆಯ ನಕ್ಷೆ ಬರೆದು ಸಂಬಳ ತರುವ ಗಂಡನ ಬಗ್ಗೆ ನನಗೆ ಆಗ ಬಹಳ ಹೆಮ್ಮೆ ಇತ್ತು.

ಅವರ ಮೇಲಿನ ಬಾಸ್ ರಾಸ್ ಸಾಹೇಬರು, ಕೆನಡಾದವರು. ಅರವತ್ತರ ಹತ್ತಿರದ ಒಂಟಿ ಮನುಷ್ಯ, ಮೊಣಕಾಲುದ್ದದ ಚಡ್ಡಿ, ಮೂಗಿನ ಮೇಲೆ ಸದಾ ಸುಲಿದ ಚರ್ಮ. ಕುರುಮ್‌ನ ತಮ್ಮ ವಿಲ್ಲಾದ ಕಾರು ಶೆಡ್ಡಿನಲ್ಲಿ ಎರಡು ವರ್ಷ ಕೂತು ಅವರೊಂದು ದೋಣಿ ಮಾಡಿದ್ದರು. ತೆಳು ಮರದ್ದು, ಎರಡೂ ತುದಿ ಚೂಪು, ಇಬ್ಬರು ಕೂರುವ ಹಾಗೆ. ಅದಕ್ಕೆ ಕೆನೂ ಅನ್ನುತ್ತಾರಂತೆ. ಮಾರ್ಚ್ ಕೊನೆಗೆ ಅವರ ಕೆಲಸ ಮುಗಿದು ಊರಿಗೆ ಹೋಗುವುದಿತ್ತು. ದೋಣಿಯನ್ನು ಒಯ್ಯುವ ಹಾಗಿರಲಿಲ್ಲ. ಹೋಗುವುದರೊಳಗೆ ಅದು ಒಂದು ಸಲ ನೀರು ಕಾಣಬೇಕು ಎನ್ನುವುದು ಅವರ ಒಂದೇ ಆಸೆ. ಸಮುದ್ರ ಇಲ್ಲೇ ಉಂಟಲ್ಲ ಅಂತ ನಾನೂ ಕೇಳಿದೆ. ಅದು ಅಲೆಗೆ ಮಾಡಿದ ದೋಣಿ ಅಲ್ಲವಂತೆ. ಕೆರೆಯ ನೀರು ಬೇಕಂತೆ.

ದೋಣಿಗೆ ಇಬ್ಬರು ಬೇಕಲ್ಲ, ಸಾಹೇಬರು ನಮ್ಮವರನ್ನು ಆರಿಸಿದರು. ಕಾರಣ, ನಮ್ಮವರು ಕಾಪುವಿನವರು, ಸಮುದ್ರದ ಬದಿಯವರು. ಸಮುದ್ರದ ಜೊತೆ ಆ ಕುಟುಂಬದ ಸಂಬಂಧ ಬಂಗುಡೆ ಕೊಳ್ಳುವಲ್ಲಿ ಶುರುವಾಗಿ ಬಂಗುಡೆ ತಿನ್ನುವಲ್ಲಿ ಮುಗಿಯುತ್ತದೆ. ಅವರದು ಬಟ್ಟೆ ಅಂಗಡಿ. ಆದರೆ ಬಾಸ್ ಕೇಳಿದಾಗ ಇಲ್ಲ ಅನ್ನುವ ಧೈರ್ಯ ಯಾರಿಗುಂಟು.

ಹಾಗಾಗಿ ಒಂದು ಸಂಜೆ ಸಾಹೇಬರು ನಮ್ಮಲ್ಲಿಗೆ ಬಂದರು, ಪ್ಲಾನಿಂಗ್ ನಮ್ಮ ಊಟದ ಮೇಜಿನ ಮೇಲೆ ಶುರುವಾಯಿತು. ನಮ್ಮವರು ಸೂರ್ ಪಟ್ಟಣದ ಕಡೆಯ ಒಂದು ವಾದಿಯ ದೊಡ್ಡ ನಕ್ಷೆ ಹಾಸಿದರು. ಬೆಟ್ಟದ ಸಂದಿಯಲ್ಲಿ ವರ್ಷವಿಡೀ ಬತ್ತದ ಗುಂಡಿಗಳು, ಮಳೆ ಬಂದರೆ ಒಂದೊಂದೂ ಸಣ್ಣ ಕೆರೆ. ಬೆಟ್ಟದ ಬುಡದಿಂದ ಸಮುದ್ರದ ಹತ್ತಿರದವರೆಗೆ, ಒಂದು ಕೆರೆಯಿಂದ ಇನ್ನೊಂದಕ್ಕೆ, ಒಂದು ವಾರದ ಪ್ರಯಾಣ ಅಂತ ಸಾಹೇಬರ ಯೋಜನೆ. ಪ್ಲಾನ್ ಮಾಡುತ್ತ ಮಾಡುತ್ತ ಅವರು ತಮ್ಮ ಊರಿನ ಸುದ್ದಿ ಹೇಳುತ್ತಿದ್ದರು. ಅಲ್ಲಿ ಕೆರೆ ಮುಗಿದಲ್ಲಿ ಹೊಳೆ, ಹೊಳೆ ಮುಗಿದಲ್ಲಿ ಕೆರೆ, ತಿಂಗಳುಗಟ್ಟಲೆ ಹೋದರೂ ಒಂದು ಮನೆ ಸಿಗುವುದಿಲ್ಲವಂತೆ. ಎಷ್ಟೋ ಕೆರೆಗಳಿಗೆ ಹೆಸರಿಡಲು ಯಾರಿಗೂ ಪುರುಸೊತ್ತೇ ಆಗಿಲ್ಲವಂತೆ. ಬಾಯಾರಿದರೆ ದೋಣಿಯಿಂದ ಕೈ ಇಳಿಸಿ ಕುಡಿಯುವುದಂತೆ. ನಾನು ಚಹಾದ ಟ್ರೇ ಹಿಡಿದು ನಿಂತೇ ಇದ್ದೆ. ನಮ್ಮ ಬಿಲ್ಡಿಂಗಿಗೆ ಟ್ಯಾಂಕರ್ ಬಂದ ಸದ್ದು ಕೇಳಿದರೆ ಬಕೆಟ್ ಹಿಡಿದು ಓಡುವವಳು ನಾನು. ಹೆಸರಿಲ್ಲದೆ ಬಿದ್ದಿರುವಷ್ಟು ನೀರು ಈ ಭೂಮಿಯ ಮೇಲೆ ಉಂಟು ಅಂತ ಅವತ್ತು ಗೊತ್ತಾಯಿತು. ಆ ರಾತ್ರಿ ನಲ್ಲಿ ತಿರುಗಿಸುವಾಗಲೂ ಅದೇ ಯೋಚನೆ.

ಇನ್ನು ನನ್ನ ಕಿವಿಯ ವಿಷಯ. ಸಾಹೇಬರು ಪೆನ್ಸಿಲಿನಿಂದ ನಕ್ಷೆ ಮುಟ್ಟುತ್ತ ಎರಡು ಕೆರೆಗಳ ನಡುವೆ ಬಂದಾಗಲೆಲ್ಲ ಒಂದು ಶಬ್ದ ಹೇಳುತ್ತಿದ್ದರು. ಆ ಶಬ್ದ ಪೋರ್ಟೇಜ್. ದೋಣಿಯನ್ನು ನೀರಿನಿಂದೆತ್ತಿ ಮುಂದಿನ ನೀರಿನ ತನಕ ಹೊತ್ತುಕೊಂಡು ಹೋಗುವುದಕ್ಕೆ ಹಾಗನ್ನುತ್ತಾರಂತೆ. ಕೆನಡಾದವರ ಬಾಯಲ್ಲಿ ಅದರ ನಡುವಿನ ಟಕಾರ ಸತ್ತೇ ಹೋಗುತ್ತದೆ. ನನ್ನ ಕಿವಿಗೆ ಬಿದ್ದದ್ದು ಪಾರಿಜ್. ಪಾರಿಜ್ ಅಂದರೆ ಗಂಜಿ, ಅದು ನಾನು ಶಾಲೆಯಲ್ಲಿ ಓದಿಯೇ ಕಲಿತದ್ದು. ಒಂದು ಕೆರೆ ದಾಟಿ ಸುಸ್ತಾಗಿ ದಡಕ್ಕೆ ಬಂದವರು ಒಂದು ಬಟ್ಟಲು ಗಂಜಿ ಕುಡಿದು ಮುಂದಿನ ಕೆರೆಗೆ ಇಳಿಯುವುದು. ಇದಕ್ಕಿಂತ ಸರಿಯಾದ ವ್ಯವಸ್ಥೆ ಯಾವುದುಂಟು ನೀವೇ ಹೇಳಿ. ಬಿಳಿಯರಲ್ಲೂ ಇಷ್ಟು ಬುದ್ಧಿ ಉಂಟಲ್ಲ ಅಂತ ನನಗೆ ಸಾಹೇಬರ ಮೇಲೆ ಗೌರವ ಇನ್ನೂ ಹೆಚ್ಚಿತು.

ನಮ್ಮವರು ಪೆಪ್ಸಿ ತರಲು ಕೆಳಗಿನ ಕೋಲ್ಡ್ ಸ್ಟೋರ್ ಅಂಗಡಿಗೆ ಹೋಗಿದ್ದಾಗ ಸಾಹೇಬರು ನನಗೂ ನಕ್ಷೆ ತೋರಿಸಿದರು. ಇಲ್ಲೊಂದು ಪಾರಿಜ್, ಸಣ್ಣದು. ಇಲ್ಲೊಂದು. ಇದು ಮಾತ್ರ ಉದ್ದ, ಕಷ್ಟದ್ದು, ತುಂಬ ಕಲ್ಲು.

ಗಂಜಿಯಲ್ಲಿ ಕಲ್ಲು ಅಂದರೆ ಯಾವ ಹೆಂಗಸಿಗೆ ಸಿಟ್ಟು ಬರುವುದಿಲ್ಲ. ನಾನು ನನ್ನ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ಹೇಳಿದೆ, "ಸರ್, ನೋ ಸ್ಟೋನ್. ಐ ವಿಲ್ ರಿಮೂವ್."

ಸಾಹೇಬರು ಪೆನ್ಸಿಲ್ ಕೆಳಗಿಟ್ಟರು. "ಆಲ್ ಆಫ್ ದೆಮ್?"

"ಆಲ್, ಸರ್. ಒನ್ ಬೈ ಒನ್. ಒನ್ ಡೇ ಬಿಫೋರ್, ಸಿಟ್ ಅಂಡ್ ರಿಮೂವ್."

ಅವರು ನಕ್ಷೆ ಬದಿಗೆ ಸರಿಸಿದರು. ಆಮೇಲೆ ಬಹಳ ಮರ್ಯಾದೆಯಿಂದ, ಇದನ್ನು ಮುಂಚೆ ಮಾಡಿ ಅಭ್ಯಾಸ ಉಂಟಾ ಅಂತ ಕೇಳಿದರು. ಸಣ್ಣಂದಿನಿಂದ ಉಂಟು ಅಂದೆ. ನಮ್ಮ ಅಜ್ಜಿ ದಿನಕ್ಕೆ ಎರಡು ಸಲ ಗದ್ದೆಗೆ ಹೊತ್ತುಕೊಂಡು ಹೋಗುತ್ತಿದ್ದರು ಅಂದೆ. ಹೇಗೆ ಹೊರುತ್ತಿದ್ದರು ಅಂತ ಕೇಳಿದರು. "ಆನ್ ದ ಹೆಡ್, ಸರ್," ಅಂದು, ಸೆರಗು ಸುತ್ತಿ ಸಿಂಬಿ ಮಾಡಿ ತಲೆ ಮೇಲಿಟ್ಟು ತೋರಿಸಿದೆ. ಸಾಹೇಬರ ಕಣ್ಣು ಒದ್ದೆಯಾದ ಹಾಗೆ ಕಂಡಿತು. ಪೆಪ್ಸಿ ಹಿಡಿದು ಬಂದ ನಮ್ಮವರಿಗೆ ಅವರು ಹೇಳಿದ್ದು ಇಷ್ಟೆ: ನಿನ್ನ ಹೆಂಡತಿಯೂ ಬರಲಿ, ಅವಳದು ಪಾರಿಜ್ ಕುಟುಂಬ.

ಅವರು ಹೋದ ಮೇಲೆ ನಮ್ಮವರು ಕೇಳಿದರು, "ಅವರೆಂತ ಹೇಳಿದ್ದು ಕೊನೆಗೆ?"

"ನಮ್ಮದು ಗಂಜಿ ಕುಟುಂಬ ಅಂತ."

"ಅದು ಅವರಿಗೆ ಹೇಗೆ ಗೊತ್ತಾಯ್ತು ಮಾರಾಯ್ತಿ?"

ಪಕ್ಕದ ಫ್ಲ್ಯಾಟಿನಲ್ಲಿ ಉಡುಪಿಯ ಹಿಲ್ಡಾಬಾಯಿ ಇದ್ದರು, ಕ್ಲಿನಿಕ್ಕೊಂದರಲ್ಲಿ ರಿಸೆಪ್ಶನಿಸ್ಟ್, ಇಂಗ್ಲಿಷಿನಲ್ಲಿ ನನ್ನ ಗುರು. ಅವರೂ ನನ್ನನ್ನು ಉಳಿಸಲಿಲ್ಲ. ಬಿಳಿಯರು ಪಾರಿಜ್ ಇಲ್ಲದೆ ಬೆಳಿಗ್ಗೆ ಏಳುವುದೇ ಇಲ್ಲ ಎಂದರು. "ಆದರೆ ಅವರದ್ದು ಓಟ್ಸು ಬಾಯಿ. ನಿನ್ನ ಕುಚ್ಚಲಕ್ಕಿ ಗಂಜಿ ಕೊಟ್ಟರೆ ಎಂಬೆಸಿಗೆ ಹೋಗ್ತಾರೆ ನೋಡು." ನನಗೆ ಹಟ ಬಂತು. ಊರಿಂದ ತಂದ ಕುಚ್ಚಲಕ್ಕಿ ತೆಗೆದೆ. ಮಿಡಿ ಉಪ್ಪಿನಕಾಯಿ, ಒಣಸಿಗಡಿ ಚಟ್ನಿ ಎಲ್ಲ ಸಿದ್ಧ ಮಾಡಿದೆ.

ಎಲ್ಲ ತಯಾರು, ನೀರಿನ ಹೊರತು. ಡಿಸೆಂಬರ್ ಹೋಯಿತು, ಜನವರಿ ಹೋಯಿತು, ಮಳೆ ಇಲ್ಲ. ಸಾಹೇಬರು ದಿನಾ ಆಫೀಸಿನ ಟೆರೇಸು ಹತ್ತಿ ಬೆಟ್ಟದ ಕಡೆ ನೋಡುತ್ತಿದ್ದರಂತೆ. ಒಂದು ವಾರದ ಪ್ರಯಾಣ ನಕ್ಷೆಯ ಮೇಲೇ ನಾಲ್ಕು ದಿನವಾಯಿತು, ಆಮೇಲೆ ಮೂರು. ಫೆಬ್ರವರಿಯೂ ಮುಗಿಯುವಾಗ ನಮ್ಮವರು ಊಟಕ್ಕೆ ಕೂತು, "ಪಾಪ, ಆ ದೋಣಿ ಶೆಡ್ಡಿನಲ್ಲೇ ಉಳಿಯುತ್ತದೆ ಅಂತ ಕಾಣ್ತದೆ," ಅಂದರು. ನನಗೂ ಅನ್ನ ಇಳಿಯಲಿಲ್ಲ. ಮನುಷ್ಯ ಎರಡು ವರ್ಷ ಕೂತು ಮಾಡಿದ್ದು, ಒಂದು ಸಲವೂ ಒದ್ದೆಯಾಗದೆ ಹೋಗುವುದೆಂದರೆ ಏನು.

ಮಾರ್ಚಿನಲ್ಲಿ ಮಳೆ ಬಂತು. ನಮ್ಮ ಕರಾವಳಿಯ ಮಳೆಯ ಹಾಗೆ ಗಂಟೆಗಟ್ಟಲೆ ಹೊಯ್ಯುವುದಲ್ಲ. ಆಕಾಶ ಬೂದಿ ಬಣ್ಣಕ್ಕೆ ತಿರುಗಿ, ಬೆಟ್ಟದ ಮೇಲೆ ಬಿದ್ದ ನೀರು ಒಂದೇ ಸಲಕ್ಕೆ ಕೆಳಗಿಳಿಯಿತು. ರೂವಿಯ ರಸ್ತೆಯಲ್ಲೇ ಕಂದು ನೀರು ಕಾರುಗಳನ್ನು ತಳ್ಳಿಕೊಂಡು ಹೋದದ್ದನ್ನು ಕಿಟಕಿಯಲ್ಲಿ ನಿಂತು ನೋಡಿದೆ. ನೆರೆ ಇಳಿದು, ನೀರು ತಿಳಿಯಾಗಿ, ರಸ್ತೆ ತೆರೆಯುವಾಗ ಸಾಹೇಬರ ಕೈಯಲ್ಲಿ ಉಳಿದದ್ದು ಒಂದೇ ವಾರಾಂತ್ಯ. ಮುಂದಿನ ವಾರ ಅವರ ವಿಮಾನ.

ಅಲ್ಲಿ ಆಗ ವಾರದ ರಜೆ ಗುರುವಾರ, ಶುಕ್ರವಾರ; ಗುರುವಾರ ಬೆಳಿಗ್ಗೆ ಹೊರಟೆವು. ಕಂಪೆನಿಯ ಡ್ರೈವರ್ ಸಾಲಿಂ, ಸುವೈಕ್‌ನ ಒಮಾನಿ, ಪಿಕಪ್ಪಿನ ಮೇಲೆ ಕಟ್ಟಿದ ದೋಣಿಯನ್ನು ದಾರಿಯುದ್ದಕ್ಕೂ ಕನ್ನಡಿಯಲ್ಲಿ ನೋಡಿ ನಗುತ್ತಿದ್ದ. ವಾದಿಯ ಬಾಯಲ್ಲಿ ಇಳಿಸಿದ ಮೇಲೆ ಅವನು ನಮ್ಮವರನ್ನು ಬದಿಗೆ ಕರೆದು, ಗಲ್ಫಿನ ಹಿಂದಿಯಲ್ಲಿ, "ಪಾನಿ ಮಾಫಿ, ಕಿಶ್ತೀ ಲೇಕೆ ಕಿದರ್ ಜಾತಾ?" ಅಂತ ಕೇಳಿದ. ನೀರಿಲ್ಲ, ದೋಣಿ ತಗೊಂಡು ಎಲ್ಲಿಗೆ ಅಂತ. ನಮ್ಮವರು ಸಾಹೇಬರ ಕಡೆ ಕೈ ತೋರಿಸಿದರು. ವಾದಿಯ ಆ ಕಡೆಯ ಊರಿನಲ್ಲಿ ಕಾಯುತ್ತೇನೆ, ಯಲ್ಲಾ, ಹೊರಡಿ ಅಂತ ಹೇಳಿ ಸಾಲಿಂ ಪಿಕಪ್ ತಿರುಗಿಸಿದ.

ಮೊದಲ ಕೆರೆ ಎಷ್ಟು ದೊಡ್ಡದೆಂದರೆ, ದೋಣಿಯ ಬಾಲ ಈ ದಡ ಬಿಡುವುದರೊಳಗೆ ಮೂಗು ಆ ದಡ ಮುಟ್ಟಿತ್ತು. ಸಾಹೇಬರೂ ನಮ್ಮವರೂ ನಾಲ್ಕು ಸಲ ಹುಟ್ಟು ಹಾಕಿ ಇಳಿದರು. ನಾನು ದಡದಲ್ಲೇ ನಡೆದು ಅವರಿಗಿಂತ ಮೊದಲು ತಲುಪಿದ್ದೆ. ಸಾಹೇಬರು ಸೊಂಟಕ್ಕೆ ಕೈಯಿಟ್ಟು ಮುಂದಿನ ಬಂಡೆಗಳನ್ನು ನೋಡಿ ಸಂತೋಷದಿಂದ, "ಪಾರಿಜ್," ಅಂದರು.

ಈಗಲೇ? ತಿಂಡಿ ತಿಂದು ಗಂಟೆಯಾಗಿಲ್ಲ. ಆದರೂ ಅತಿಥಿ ಕೇಳಿದ ಮೇಲೆ ಮುಗಿಯಿತು. ನಾನು ಪಾತ್ರೆ ಬಿಚ್ಚಿ, ಬಟ್ಟಲಿಗೆ ಬಡಿಸಿ, ಮೇಲೊಂದು ಮಿಡಿ ಇಟ್ಟು ತಿರುಗಿದರೆ ಸಾಹೇಬರು ದೋಣಿಯನ್ನು ಕವುಚಿ ಮುಂದಿನ ತುದಿಯನ್ನು ತಲೆ ಮೇಲೆ ಹೊತ್ತು, ಹಿಂದಿನ ತುದಿಯನ್ನು ಕಾಲ ಹೆಬ್ಬೆರಳಿನಿಂದ ತೋರಿಸುತ್ತ ನನ್ನನ್ನೇ ಕಾಯುತ್ತಿದ್ದಾರೆ. ನನ್ನ ಕೈಯಲ್ಲಿ ಗಂಜಿ. ದೋಣಿಯೊಳಗಿಂದ ಅವರ ಮುಖ ಗಂಜಿಯನ್ನು ನೋಡಿತು, ಆಮೇಲೆ ನನ್ನನ್ನು. ನನಗೂ ಆಗ ಆ ಶಬ್ದದ ಅಂಗಿ ಕಳಚಿ ಬಿತ್ತು. ಅಜ್ಜಿ, ಗದ್ದೆ, ಸಿಂಬಿ, ಒಂದೊಂದಾಗಿ ತೆಗೆಯಬೇಕಿದ್ದ ಕಲ್ಲುಗಳು, ಎಲ್ಲ ಒಟ್ಟಿಗೆ ನೆನಪಾದವು. ಎದುರಿನ ಕಲ್ಲುಗಳನ್ನೂ ನೋಡಿದೆ. ಒಂದೊಂದು ನಮ್ಮ ಫ್ರಿಜ್ಜಿನಷ್ಟಿತ್ತು.

ಸಾಹೇಬರು ದೋಣಿ ಕೆಳಗಿಟ್ಟರು. ನಗಲಿಲ್ಲ. ಬಟ್ಟಲು ತೆಗೆದುಕೊಂಡು, ನಿಂತೇ, ಕೊನೆಯ ಅಗುಳಿನ ತನಕ ತಿಂದರು. "ಯು ವರ್ ರೈಟ್," ಅಂದರು. "ನೋ ಸ್ಟೋನ್ಸ್." ಆಮೇಲೆ ನಕ್ಕದ್ದು ನೋಡಿ, ಆ ಬೆಟ್ಟವೂ ನಮ್ಮ ಜೊತೆ ನಕ್ಕಿತು.

ಹೊರುವ ಕೆಲಸ ನಮ್ಮವರಿಗೆ ಬಂತು. ಅವರು ದೋಣಿ ಎತ್ತಿ ಎರಡು ಬಂಡೆ ದಾಟುವುದರೊಳಗೆ ಸೊಂಟ ಹಿಡಿದುಕೊಂಡಿತು. ಬಟ್ಟೆ ಅಂಗಡಿಯ ಸೊಂಟ ಅದು. ಅವರನ್ನು ನೆರಳಿನಲ್ಲಿ ಕೂರಿಸಿದೆವು. ಸಾಹೇಬರು ನಕ್ಷೆ ಮಡಚಿ ಜೇಬಿಗಿಟ್ಟು, ಪರವಾಗಿಲ್ಲ, ವಾಪಸು ಹೋಗೋಣ ಅಂದರು. ಹೇಳುವಾಗ ಅವರು ನಮ್ಮ ಕಡೆ ನೋಡಲಿಲ್ಲ, ದೋಣಿಯ ಕಡೆಯೂ ನೋಡಲಿಲ್ಲ. ಅದನ್ನು ನೋಡಿ ನನಗೆ ಸಹಿಸಲಾಗಲಿಲ್ಲ. ಚೂಡಿದಾರದ ದುಪಟ್ಟಾ ತೆಗೆದೆ, ಸುತ್ತಿ ಸಿಂಬಿ ಮಾಡಿದೆ, ತಲೆ ಮೇಲಿಟ್ಟೆ. "ಪಾರಿಜ್, ಸರ್," ಅಂದೆ.

ಕವುಚಿದ ದೋಣಿಯ ಕೆಳಗೆ ನಡೆದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಆಕಾಶ ಇಲ್ಲ, ಬೆಟ್ಟ ಇಲ್ಲ. ಕಾಣುವುದು ನಿಮ್ಮ ಎರಡು ಕಾಲು, ಕಲ್ಲು, ಮುಂದೆ ಇನ್ನೆರಡು ಕಾಲು. ನಿಮ್ಮ ಉಸಿರು ಮರಕ್ಕೆ ಬಡಿದು ನಿಮಗೇ ವಾಪಸು ಕೇಳುತ್ತದೆ. ಹೀಗೆ ಕೆರೆ, ಕಲ್ಲು, ಕೆರೆ, ಕಲ್ಲು. ಸಣ್ಣ ಕೆರೆಗಳನ್ನು ಸಾಹೇಬರು ಒಬ್ಬರೇ ದಾಟಿದರು, ನಾನು ದಡದಲ್ಲಿ ನಡೆದೆ. ನೀರಿನಲ್ಲಿ ಹೋದದ್ದಕ್ಕಿಂತ ನನ್ನ ತಲೆಯ ಮೇಲೆ ಆ ದೋಣಿ ಹೆಚ್ಚು ದೂರ ಹೋಯಿತು. ನಮ್ಮವರು ಹಿಂದಿನಿಂದ ಗಂಜಿ ಪಾತ್ರೆ ಹಿಡಿದು ಕುಂಟುತ್ತ ಬಂದರು.

ಕೊನೆಯ ಪೋರ್ಟೇಜ್ ಮುಗಿಸಿ ದೋಣಿ ಇಳಿಸಿ ತಲೆ ಎತ್ತಿದೆ. ಅದನ್ನು ಹೇಗೆ ಹೇಳಲಿ. ಎರಡು ಕಡೆ ನೆಟ್ಟಗೆ ನಿಂತ ಬಂಡೆಗೋಡೆ, ಕತ್ತು ಹಿಂದೆ ಹಾಕಿದರೂ ತುದಿ ಸಿಗದಷ್ಟು. ನಡುವೆ ನೀರು, ಹಸಿರು, ಅಲುಗಾಟವಿಲ್ಲ, ತಿರುವಿನಾಚೆಗೆ ಎಲ್ಲಿಯ ತನಕವೋ. ನಕ್ಷೆಯಲ್ಲಿ ಅದು ನಮ್ಮವರು ಎಳೆದ ಒಂದು ನೀಲಿ ಗೆರೆ, ಅಷ್ಟೆ. ಗೆರೆ ಎಳೆದವರೇ ಬಾಯಿ ತೆರೆದು ನಿಂತಿದ್ದರು.

ಇಷ್ಟು ದೊಡ್ಡ ನೀರಿಗೆ ಸಾಹೇಬರಿಗೆ ಮುಂದಿನ ಸೀಟಿನಲ್ಲಿ ಕೂರಲು ಒಬ್ಬರು ಬೇಕೇಬೇಕಿತ್ತು. ಖಾಲಿ ಬಿಟ್ಟರೆ ಮೂಗು ಮೇಲೆದ್ದು ದೋಣಿ ಗಾಳಿಗೆ ತಿರುಗುತ್ತದಂತೆ. ನಮ್ಮವರ ಸೊಂಟ ಬಗ್ಗುತ್ತಿರಲಿಲ್ಲ. ಅವರು ಫಲಜ್‌ನ, ಅಂದರೆ ಊರಿಗೆ ನೀರು ಒಯ್ಯುವ ಕಾಲುವೆಯ, ಕಟ್ಟೆ ಹಿಡಿದು ಬೆಟ್ಟದ ಬದಿಯಿಂದ ನಡೆದರು. ನನಗೆ ಈಜು ಬರುವುದಿಲ್ಲ. ಕಿತ್ತಳೆ ಬಣ್ಣದ ಜಾಕೆಟ್ ಕಟ್ಟಿಸಿಕೊಂಡು ಕೂತೆ.

ದಡ ಬಿಟ್ಟ ಮೇಲೆ ಸದ್ದೇ ಇರಲಿಲ್ಲ. ಹುಟ್ಟು ನೀರಿಗಿಳಿದು ಮೇಲೆ ಬಂದಾಗ ಹನಿ ಬೀಳುವುದು, ಎಲ್ಲೋ ಬಂಡೆಯಿಂದ ನೀರು ಜಿನುಗುವುದು, ಅಷ್ಟೆ. ಕೆಳಗೆ ನೋಡಿದರೆ ಬಿಸಿಲು ತಳದ ತನಕ ಇಳಿದು, ಮೀನುಗಳ ನೆರಳು ಕಲ್ಲಿನ ಮೇಲೆ ಓಡುತ್ತಿತ್ತು. ಅದು ಎಷ್ಟು ಆಳ ಅಂತ ಹೆದರಬೇಕಿತ್ತು. ಹೆದರಲು ನೆನಪಾಗಲಿಲ್ಲ. ಇಷ್ಟೆಲ್ಲ ನಾವು ಬರುವ ಮೊದಲೂ ಹೀಗೇ ಇತ್ತಲ್ಲ, ಯಾರೂ ನೋಡದೆ, ಅಂತ ಮಾತ್ರ ಅನಿಸುತ್ತಿತ್ತು. ನಡುವಿನಲ್ಲಿ ಸಾಹೇಬರು ಹುಟ್ಟು ಎತ್ತಿ ದೋಣಿಯನ್ನು ಅದರ ಪಾಡಿಗೆ ಬಿಟ್ಟರು. ತಿರುಗಿ ನೋಡಿದೆ. ಅವರು ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ನಾನು ಮುಂದಕ್ಕೆ ತಿರುಗಿದೆ.

ಆ ಕಡೆಯ ಊರಿನವರಿಗೆ ದೋಣಿಯನ್ನು ಕೊಟ್ಟು ಬಂದೆವು. ಆಚೆ ದಡದ ತೋಟದಿಂದ ಖರ್ಜೂರದ ಗೊನೆ ದಾಟಿಸಲು ಆಗುತ್ತದೆ ಅಂತ ಸಾಲಿಂ ಅವರಿಗೆ ಅರಬಿಯಲ್ಲಿ ವಿವರಿಸಿದ, ತಾನೇ ಮಾಡಿದ ದೋಣಿಯೇನೋ ಎನ್ನುವ ಹಾಗೆ.

ಮುಂದಿನ ವಾರ ಸೀಬ್ ಏರ್‌ಪೋರ್ಟಿನಲ್ಲಿ ಸಾಹೇಬರು ನನಗೆ ಕೈ ಮುಗಿದರು. ಆಮೇಲೆ ನಮ್ಮವರ ಕಡೆ ತಿರುಗಿ, ನಲವತ್ತು ವರ್ಷ ಎಷ್ಟೋ ಜನರ ಜೊತೆ ದೋಣಿಯಲ್ಲಿ ಹೋಗಿದ್ದೇನೆ, ನಿನ್ನ ಹೆಂಡತಿಯಷ್ಟು ಮೌನಿಯನ್ನು ನೋಡಿಲ್ಲ, ಅಷ್ಟು ಹೊತ್ತಿಗೆ ಒಂದು ಮಾತಿಲ್ಲ, ನೀನು ಪುಣ್ಯವಂತ ಅಂದರು. ನಮ್ಮವರ ಮುಖದಲ್ಲಿ ಎಂತೆಂಥದೋ ಬಣ್ಣ ಬಂದು ಹೋಯಿತು. ನಾನು ಥ್ಯಾಂಕ್ಸ್ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಮೊಣಕೈಯಿಂದ ತಿವಿದು ತುಳುವಿನಲ್ಲಿ ಮೆಲ್ಲಗೆ, "ಪಾತೆರೊಡ್ಚಿ," ಅಂದರು. ಮಾತಾಡಬೇಡ ಅಂತ. "ಪಾಪ, ನಂಬಿಕೊಂಡು ಹೋಗಲಿ."

ನಾನು ಮಾತಾಡಲಿಲ್ಲ. ಸಾಹೇಬರು ಗಾಜಿನ ಬಾಗಿಲಾಚೆ ಮರೆಯಾಗುವ ತನಕ ಬರೀ ತಲೆಯಾಡಿಸಿದೆ. ನನ್ನನ್ನು ಮೌನಿ ಅಂತ ತಿಳಿದ ಒಬ್ಬರೇ ಒಬ್ಬರು ಈ ಭೂಮಿಯ ಮೇಲಿದ್ದಾರೆ. ಈಗ ನೋಡಿದರೆ ನಾಲ್ಕು ಸಾಲು ಬರೆಯುತ್ತೇನೆ ಅಂತ ಕೂತವಳು ಇಷ್ಟುದ್ದ ಬರೆದಿದ್ದೇನೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಅದೊಂದೇ ನನಗೆ ಧೈರ್ಯ.