ಉಳಿತಾಯದ ವರ್ಷದ ವಾಚು

ನಮ್ಮ ಮಿಲ್ಲಿನಲ್ಲಿ ಎಣ್ಣೆಗೆ ಬರ ಬಂದರೂ ನಗುವ ಸಂಗತಿಗಳಿಗೆ ಎಂದೂ ಬರ ಬಂದದ್ದಿಲ್ಲ. ಲಾಭ ಇಳಿದ ವರ್ಷ ಅವು ಇನ್ನಷ್ಟು ಹೆಚ್ಚುತ್ತಿದ್ದವು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ರಾಯಚೂರಿನ ಆ ಹತ್ತಿ ಮತ್ತು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಆಗ ಎಲ್ಲರ ಜೊತೆ ನಾನೂ ನಕ್ಕಿದ್ದೇನೆ. ಈಗ ಬರೆಯಲು ಕೂತರೆ ಆ ನಗು ಬರುವುದಿಲ್ಲ.

೧. ಒಳಗೆ ಬರುವ ಭೋಂಗಾ

ಆ ವರ್ಷ ವ್ಯಾಪಾರ ಬಿದ್ದುಹೋಗಿತ್ತು. ಡೈರೆಕ್ಟರರು ಕೂತು ಎರಡು ತೀರ್ಮಾನ ಮಾಡಿದರು. ಷೇರುದಾರರ ಡಿವಿಡೆಂಡಿಗೆ ಕೈ ಹಚ್ಚಬಾರದು. ಉಳಿದದ್ದಕ್ಕೆಲ್ಲ ಕೈ ಹಚ್ಚಬಹುದು.

ನಮ್ಮ ಮ್ಯಾನೇಜರರು ಮರುದಿನವೇ ಕೈ ಹಚ್ಚಿದರು. ಚಹಾ ಅರ್ಧ ಗ್ಲಾಸಿಗೆ ಇಳಿಯಿತು. ಕೆಲಸಗಾರರಿಗೆ ದೀಪಾವಳಿಗೆ ಕೊಡುತ್ತಿದ್ದ ಬಟ್ಟೆ ನಿಂತಿತು. ಕೊನೆಗೆ ಅವರ ಕಣ್ಣು ಭೋಂಗಾದ, ಅಂದರೆ ಮಿಲ್ಲಿನ ಸೈರನ್ನಿನ, ಮೇಲೆ ಬಿತ್ತು. ದಿನಕ್ಕೆ ನಾಲ್ಕು ಸಲ ಕೂಗುತ್ತಿದ್ದ ಭೋಂಗಾಕ್ಕೆ ಉಗಿ ಸುಮ್ಮನೆ ಖರ್ಚಾಗುತ್ತದೆ ಎಂದು ಅದನ್ನು ಎರಡಕ್ಕೆ ಇಳಿಸಿದರು. ಬೆಳಿಗ್ಗೆ ಕೆಲಸಕ್ಕೆ ಬರುವಾಗ ಒಮ್ಮೆ, ಊಟ ಮುಗಿಸಿ ತಿರುಗಿ ಬರುವಾಗ ಒಮ್ಮೆ. ಊಟಕ್ಕೆ ಬಿಡುವ ಭೋಂಗಾ, ಸಂಜೆ ಮನೆಗೆ ಬಿಡುವ ಭೋಂಗಾ ಎರಡೂ ರದ್ದು.

ಭೋಂಗಾ ಊದುತ್ತಿದ್ದವನು ಬಾಯ್ಲರ್ ಚಾಚಾ. ಆತ ಆಫೀಸಿಗೆ ಬಂದು ಕೇಳಿದ, "ಸಾಹೇಬ್ರ, ಒಳಗ ಬರೂದು ಗೊತ್ತಾಗ್ತದ. ಮನಿಗೆ ಹೋಗೂದು ಹೆಂಗ್ ಗೊತ್ತಾಗಬೇಕ್ರೀ?"

ಮ್ಯಾನೇಜರರು ತಲೆ ಎತ್ತದೆ ಹೇಳಿದರು, "ಹಸಿವಾದ್ರ ಗೊತ್ತಾಗ್ತದ, ಹೋಗು."

ಚಾಚಾ ತಲೆ ಕೆರೆದುಕೊಂಡ. "ಹಂಗಂದ್ರ ನಾವು ಬೆಳಿಗ್ಗೇನೇ ಹೋಗಬೇಕಾಗ್ತದಲ್ರೀ!"

೨. ಮಾನ್ವಿಯ ಷೇರುದಾರರು

ಇಪ್ಪತ್ತೈದು ವರ್ಷ ದುಡಿದವರಿಗೆ ವಾರ್ಷಿಕ ಸಭೆಯಲ್ಲಿ ಕೈಗೆ ವಾಚು ಕಟ್ಟುವುದು ಮಿಲ್ಲಿನ ಪದ್ಧತಿ. ಆ ವರ್ಷ ಚಾಚಾನ ಸರದಿ. ಊರಿಗೆಲ್ಲ ಟೈಮು ಹೇಳಿದವನ ಕೈಯಲ್ಲಿ ವಾಚಿರಲಿಲ್ಲ. ಆಫೀಸಿನ ಗೋಡೆ ಗಡಿಯಾರವನ್ನು ಕಿಟಕಿಯಿಂದ ಇಣುಕಿ ನೋಡಿ ಓಡಿಹೋಗಿ ಭೋಂಗಾ ಊದುತ್ತಿದ್ದ. ದಿನಾ ಒಮ್ಮೆ ನನ್ನ ಮೇಜಿನ ಹತ್ತಿರ ಬಂದು, "ಗುಮಾಸ್ತ್ರ, ಪಟ್ಟಿ ಚರ್ಮದ್ದೋ, ಸ್ಟೀಲಿಂದೋ?" ಎಂದು ಕೇಳುತ್ತಿದ್ದ. ವಾಚನ್ನೂ ನಿಲ್ಲಿಸುವ ಠರಾವು ಆಗಲೇ ಟೈಪಾಗಿ ನನ್ನ ಡ್ರಾಯರಿನಲ್ಲಿತ್ತು. ನಾನು, "ನೋಡೋಣ ಚಾಚಾ" ಎನ್ನುತ್ತಿದ್ದೆ.

ಠರಾವು ಸಭೆಯಲ್ಲಿ ಪಾಸಾಗಬೇಕು. ಅಂಚೆ ಖರ್ಚು ಉಳಿಸಲು ಸಭೆಯ ನೋಟೀಸುಗಳನ್ನು ನನ್ನ ಕೈಯಲ್ಲೇ ಕೊಟ್ಟು ಬಸ್ಸು ಹತ್ತಿಸಿದರು. ಬಸ್ಸಿನ ಖರ್ಚು ಅಂಚೆಗಿಂತ ಹೆಚ್ಚಾದದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಮಾನ್ವಿಯಲ್ಲಿ ನಮ್ಮ ದೊಡ್ಡ ಷೇರುದಾರರು ಒಬ್ಬ ಭತ್ತದ ವ್ಯಾಪಾರಿ. ನೋಟೀಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಊಟ ಏನಿಟ್ಟೀರಿ ಈ ಸಲ?"

"ಈ ಸಲ ಊಟ ಇಲ್ರೀ ಯಜಮಾನ್ರ. ಉಳಿತಾಯ."

"ಹೋಳಿಗಿ?"

"ಇಲ್ರೀ."

"ಮಿರ್ಚಿ ಭಜಿ ಆದ್ರೂ?"

"ನೀರು ಅದಾವ್ರೀ."

ಅವರು ನೋಟೀಸನ್ನು ಮಡಿಚಿ ನನ್ನ ಜೇಬಿಗೇ ಹಾಕಿದರು. "ಡಿವಿಡೆಂಡು ಮನಿಗೇ ಬರ್ತದ. ನೀರು ಕುಡ್ಯಾಕ ರಾಯಚೂರಿಗೆ ಯಾಕ ಬರ್ಲಿ?"

೩. ದೇವದುರ್ಗದ ಅವ್ವ

ದೇವದುರ್ಗದಲ್ಲಿ ಒಬ್ಬ ವಿಧವೆಯ ಮನೆ. ಗಂಡ ಬಿಟ್ಟುಹೋದ ಷೇರು ಪತ್ರಕ್ಕೆ ಕಟ್ಟು ಹಾಕಿಸಿ ದೇವರ ಜಗುಲಿಯಲ್ಲಿಟ್ಟಿದ್ದರು. ದಿನಾ ವಿಭೂತಿ ಹಚ್ಚಿ ಹಚ್ಚಿ ಕಂಪನಿಯ ಹೆಸರೇ ಮುಚ್ಚಿಹೋಗಿತ್ತು.

ನನಗೆ ರೊಟ್ಟಿ, ಪುಂಡಿಪಲ್ಲೆ ಬಡಿಸಿ ವಿಷಯ ಕೇಳಿದರು. ನಾನು ಎಲ್ಲ ಹೇಳಿಬಿಟ್ಟೆ. ಆಫೀಸಿನಲ್ಲಿ ಯಾರ ಮುಂದೂ ಬಾಯಿ ಬಿಡದವನು ಅಲ್ಲಿ ಚಾಚಾನ ವಾಚಿನ ಮಾತನ್ನೂ ಹೇಳಿದೆ.

ಅವ್ವ ಬಡಿಸುವುದನ್ನು ನಿಲ್ಲಿಸಿದರು. "ಯಪ್ಪಾ, ಬೆಂಕಿ ಮುಂದ ನಿಂತು ಬೆವರಿದಾವ ಅವ. ನಾ ಇಲ್ಲಿ ಕುಂತು ಉಣ್ಣಾಕಿ. ನನ್ನ ಪಾಲಿಂದು ಈ ವರ್ಷ ನನಗ ಬ್ಯಾಡ. ಅದರಾಗ ಅವನಿಗೆ ವಾಚ್ ಕೊಡಿಸಂತ ಬರಿ, ನಾ ಹೆಬ್ಬಟ್ಟು ಒತ್ತತೀನಿ."

ಬರೆದೆ. ಹೆಬ್ಬೆಟ್ಟು ಒತ್ತಿದರು. ಅಷ್ಟೂ ಹಾದಿ ಆ ಕಾಗದವನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಬಂದೆ. ಮ್ಯಾನೇಜರರು ಎರಡು ಸಲ ಓದಿದರು. ಷೇರುದಾರರು ಇನ್ನಷ್ಟು ಕೇಳಿದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಬೇಡ ಎಂದರೆ ಏನು ಮಾಡಬೇಕೆಂದು ಯಾವ ಕಾನೂನಿನಲ್ಲೂ ಅವರು ಓದಿರಲಿಲ್ಲ.

"ಇದನ್ನ ದೂರುಗಳ ಫೈಲಿಗೆ ಹಾಕು" ಎಂದರು.

೪. ಕೋರಂ

ಸಭೆಯ ದಿನ ಬಂದ ಷೇರುದಾರರು ಏಳು ಮಂದಿ. ಕೋರಂಗೆ ಬೇಕಾದದ್ದು ಇಪ್ಪತ್ತು. ಸಭೆ ಮುಂದೂಡಿದರೆ ಮತ್ತೆ ಖರ್ಚು. ಮ್ಯಾನೇಜರರು ನನ್ನನ್ನು ಮೂಲೆಗೆ ಕರೆದರು.

"ಕೆಲಸದವರನ್ನ ಒಳಗ ಕರದು ಖುರ್ಚಿ ತುಂಬಸು. ಓದಿ ಮುಗಿಸಿದ ಕೂಡಲೇ ನೀ ಮೊದಲು ಕೈ ಎತ್ತು. ಅವ್ರು ನಿನ್ನ ನೋಡಿ ಎತ್ತತಾರ."

ಚಾಚಾ ಹೊರಗೇ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕಿವಿಯಲ್ಲಿ ಅತ್ತರಿನ ಹತ್ತಿ. ನಾನೇ ಕೈ ಹಿಡಿದು ಕರೆತಂದು ಎರಡನೇ ಸಾಲಿನಲ್ಲಿ ಕೂಡಿಸಿದೆ.

ಅಧ್ಯಕ್ಷರು ಇಂಗ್ಲಿಷಿನಲ್ಲಿ ಓದಿದರು. ಕೆಲಸಗಾರರಿಗೆ ಕೊಡುವ ಬಟ್ಟೆ, ವಾಚು, ಉಡುಗೊರೆಗಳನ್ನು ಈ ವರ್ಷದಿಂದ ನಿಲ್ಲಿಸುವುದು, ಡಿವಿಡೆಂಡನ್ನು ಹಿಂದಿನಷ್ಟೇ ಉಳಿಸುವುದು. ಓದಿ ಮುಗಿಸಿ ಸಭೆಯ ಕಡೆ ನೋಡಿದರು. ನಾನು ಕೈ ಎತ್ತಿದೆ. ಹಮಾಲರು, ಹತ್ತಿ ಜಿನ್ನಿನವರು, ಕಾವಲುಗಾರ ಎಲ್ಲರೂ ಎತ್ತಿದರು. ಚಾಚಾ ಅಂಗಿಯ ತೋಳು ಮೊಣಕೈ ತನಕ ಮಡಿಚಿ ಎಡಗೈ ಎತ್ತಿದ.

ಮ್ಯಾನೇಜರರು ಹಲ್ಲು ಕಡಿದು ಪಿಸುಗುಟ್ಟಿದರು, "ಬಲಗೈ ಎತ್ತೋ!"

ಚಾಚಾ ಅಷ್ಟೇ ಮೆಲ್ಲಗೆ ಹೇಳಿದ, "ವಾಚ್ ಎಡಗೈಗೇ ಕಟ್ತಾರ್ರೀ ಸಾಹೇಬ್ರ."

ಸಭೆಯೆಲ್ಲ ನಕ್ಕಿತು. ಅಧ್ಯಕ್ಷರೂ ನಕ್ಕರು. ಠರಾವು ಸರ್ವಾನುಮತದಿಂದ ಪಾಸಾಯಿತು ಎಂದು ನಾನು ಬರೆದುಕೊಂಡೆ. ಚಾಚಾನ ಹತ್ತಿರ ಹೋಗಿ ನಿಜ ಹೇಳುವ ಧೈರ್ಯ ಬರದೆ ಹಿಂದಿನ ಬಾಗಿಲಿನಿಂದ ಮನೆಗೆ ಹೋದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

೫. ಹಾದಿಯ ಮಣ್ಣು

ಆಫೀಸಿನವರ ಮಾತು ಕೇಳಿಸಿಕೊಂಡು ಅಂದೇ ಸಂಜೆ ಚಾಚಾನಿಗೆ ನಿಜ ಹೇಳಿದವನು ಕಾವಲುಗಾರ. ಮರುದಿನ ಚಾಚಾ ನನ್ನ ಕಿಟಕಿಗೆ ಬಂದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಗುಮಾಸ್ತ್ರ, ಒಂದು ಉಪಕಾರ ಮಾಡ್ರಿ. ನಾನಽ ಕೈ ಎತ್ತಿ ನನ್ನ ವಾಚ್ ಕಳಕೊಂಡೆ ಅಂತ ಮನಿಯಾಗ ಹೇಳಾಕ ನಾಚಿಕಿ ಆತು. ವಾಚ್ ಕೊಟ್ರು, ಬರೂ ಹಾದ್ಯಾಗ ಬಿತ್ತು ಅಂತ ಹೇಳಿಬಿಟ್ಟೀನಿ. ನಮ್ಮಾಕಿ ಕೇಳಿದ್ರ ನೀವೂ ಹಂಗಽ ಹೇಳ್ರಿ."

ಆಗಲಿ ಎಂದೆ. ಚಾಚಾ ಗೋಡೆ ಗಡಿಯಾರ ನೋಡಿ ಭೋಂಗಾ ಊದಲು ಓಡಿದ.

ಸಂಜೆ ಮಿಲ್ಲಿನಿಂದ ಹೊರಬಿದ್ದೆ. ಹಾದಿಯ ಅಂಚಿನಲ್ಲಿ ಒಬ್ಬ ಹೆಂಗಸು ಬುರ್ಖಾದ ತುದಿ ಮೇಲೆತ್ತಿಕೊಂಡು, ಬಗ್ಗಿ, ಒಂದು ಕಡ್ಡಿಯಿಂದ ಮಣ್ಣು ಕೆದರುತ್ತಿದ್ದಳು. ಚಾಚಾನ ಹೆಂಡತಿ. ಅವರ ಮನೆಯಿಂದ ಮಿಲ್ಲಿನ ತನಕ, ಬೆಳಗಿನಿಂದ ಗೇಣು ಗೇಣೂ ಹುಡುಕುತ್ತ ಬಂದಿದ್ದಳು. ನನ್ನನ್ನು ಕಂಡು ಸೊಂಟ ನೆಟ್ಟಗೆ ಮಾಡಿದಳು.

"ಸಾಬ್, ಹೊಸಾ ವಾಚ್ರೀ. ಇಪ್ಪತ್ತೈದು ವರ್ಷದ್ದು. ಒಂದು ದಿನಾನೂ ಕಟ್ಟಿಲ್ಲ ನಮ್ಮವ್ರು. ನೀವು ನೋಡಿದ್ರಲ್ಲ, ಪಟ್ಟಿ ಯಾವ ಬಣ್ಣದ್ದಿತ್ರೀ?"

"ಕರೀದು" ಎಂದೆ.

"ಕರೀದು" ಎಂದು ಅವಳು ಮತ್ತೆ ಬಗ್ಗಿದಳು.

ನಾನು ಚೀಲವನ್ನು ಗೋಡೆಗೆ ಒರಗಿಸಿ, ಹಾದಿಯ ಆ ಕಡೆಯಿಂದ ಹುಡುಕಲು ಶುರು ಮಾಡಿದೆ.